ಸಾವಿನ ಕಾರ್ಡಿಗೆ ಮಾತ್ರ ನಿಲ್ಲುತ್ತಿದ್ದ ಯಂತ್ರ

ಸಾಗರದ ಆ ಪ್ರೆಸ್ಸಿನಿಂದ ಮೊದಲ ಸಲ ಫೋನ್ ಬಂದಾಗ ನಾನು ಅದನ್ನು ದೊಡ್ಡ ವಿಷಯವೆಂದು ತಿಳಿಯಲಿಲ್ಲ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಶಿವಮೊಗ್ಗದ ಒಂದು ಸಣ್ಣ ಕಂಪನಿಯಲ್ಲಿ ಸರ್ವಿಸ್ ಎಂಜಿನಿಯರ್ ಆಗಿದ್ದೆ. ನಾವು ಮಾರಿದ ಕಂಪ್ಯೂಟರ್ ಎಲ್ಲಿ ಕೆಟ್ಟರೂ ಬಸ್ಸು ಹತ್ತಿ ಹೋಗಿ ನೋಡುವುದು ನನ್ನ ಕೆಲಸ. ಸಾಗರದ ಪ್ರೆಸ್ಸಿನ ಮಾಲೀಕರು ಹಿಂದಿನ ದೀಪಾವಳಿಗೆ ನಮ್ಮಿಂದ ಒಂದು ಕಂಪ್ಯೂಟರನ್ನೂ ಒಂದು ಪ್ರಿಂಟರನ್ನೂ ಕೊಂಡಿದ್ದರು. ಕಂಪ್ಯೂಟರಿನೊಳಗೆ ಕನ್ನಡ ಅಕ್ಷರ ಮೂಡಿಸುವ ಒಂದು ಕಾರ್ಡನ್ನು ಕೂರಿಸಿಕೊಟ್ಟಿದ್ದೆವು. ಸೀಸದ ಮೊಳೆ ಜೋಡಿಸುವುದನ್ನು ಬಿಟ್ಟು, ಟೈಪ್ ಮಾಡಿ, ಪ್ರಿಂಟರಿನಲ್ಲಿ ಪ್ರತಿ ತೆಗೆದು, ಅದರಿಂದ ಪ್ಲೇಟ್ ಮಾಡಿ ಅಚ್ಚು ಹಾಕುವುದು ಆ ಊರಿಗೆ ಹೊಸತು.

ಫೋನ್ ಮಾಡಿದವನು ಅಲ್ಲಿಯ ಮೆಷಿನ್‌ಮ್ಯಾನ್. ಕಾಲಿನಿಂದ ತುಳಿದು ಅಚ್ಚು ಹಾಕುವ ಟ್ರೆಡಲ್ ಯಂತ್ರದ ಕಾಲದಿಂದ ಆ ಪ್ರೆಸ್ಸಿನಲ್ಲೇ ಇದ್ದವನು.

"ನಿಮ್ಮ ಎಮ್ಮೆ ಮಲಗಿಬಿಡ್ತದೆ ಸಾರ್. ಎಷ್ಟು ಎಬ್ಬಿಸಿದ್ರೂ ಏಳಲ್ಲ."

"ಸ್ವಿಚ್ ಆಫ್ ಮಾಡಿ ಮತ್ತೆ ಆನ್ ಮಾಡಿದ್ರೆ?"

"ಆಗ ಏಳ್ತದೆ. ಆದ್ರೆ ಅಲ್ಲಿವರೆಗೆ ಹೊಡೆದಿದ್ದೆಲ್ಲ ಅದರ ಹೊಟ್ಟೆಗೆ."

ಹೋದೆ. ಪ್ರೆಸ್ಸು ಪೇಟೆಯ ಒಂದು ಹಳೆಯ ಕಟ್ಟಡದಲ್ಲಿತ್ತು. ಮುಂದಿನ ಕೋಣೆಯಲ್ಲಿ ಮಾಲೀಕರ ಮೇಜು, ನಡುವಿನ ಕೋಣೆಯಲ್ಲಿ ಕಂಪ್ಯೂಟರ್, ಹಿಂದೆ ಅಚ್ಚಿನ ಯಂತ್ರ. ಕಂಪ್ಯೂಟರನ್ನು ಒಂದು ಮರದ ಮೇಜಿನ ಮೇಲೆ ಇಟ್ಟಿದ್ದರು. ಪ್ರಿಂಟರ್ ಗೋಡೆಯ ಬದಿಯ ಕಲ್ಲಿನ ಹಾಸಿನ ಮೇಲೆ ಇತ್ತು, ಮೇಜಿನ ಮೇಲಿದ್ದರೆ ಅದರ ಅದುರಿಗೆ ಎಲ್ಲವೂ ನಡುಗುತ್ತದೆ ಎಂದು. ಎದುರು ಗೋಡೆಯಲ್ಲಿ ದೇವರ ಪಟಗಳು, ಕೆಳಗೆ ಕೆಂಪು ಬಲ್ಬು.

ಟೈಪ್ ಮಾಡುತ್ತಿದ್ದ ಆಪರೇಟರ್ ಮೂವತ್ತರ ಆಸುಪಾಸಿನ ಹೆಂಗಸು. ಊರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿಸುತ್ತಿದ್ದವರನ್ನು ಮಾಲೀಕರು ಕರೆತಂದಿದ್ದರು. ತಾಯಿಯೂ ಕಾಲೇಜು ಓದುತ್ತಿದ್ದ ತಂಗಿಯೂ ಅವರ ಸಂಬಳವನ್ನೇ ನಂಬಿದ್ದರು. ಹೆಚ್ಚು ಮಾತಿಲ್ಲ. ನಾನು ಕೇಳಿದ್ದಕ್ಕೆಲ್ಲ ಯೋಚಿಸಿ ಉತ್ತರ ಕೊಟ್ಟರು. ಕರ್ಸರ್ ಮಿನುಗುವುದು ನಿಲ್ಲುತ್ತದೆ. ಆಮೇಲೆ ಯಾವ ಕೀಲಿ ಒತ್ತಿದರೂ ಏನೂ ಆಗುವುದಿಲ್ಲ. ಒಮ್ಮೊಮ್ಮೆ ಕೊನೆಯ ಸಾಲಿನ ಅಕ್ಷರಗಳೇ ಪರದೆಯ ತುಂಬ ಇಳಿಯುತ್ತವೆ.

ಇದು ಡ್ರೈವರಿನ ದೋಷ ಎಂದು ನಾನು ಅಂದುಕೊಂಡೆ. ಡ್ರೈವರ್ ಎಂದರೆ ಒಳಗೆ ಕೂರಿಸಿದ ಕಾರ್ಡಿನ ಜೊತೆ ಹೇಗೆ ವ್ಯವಹರಿಸಬೇಕೆಂದು ಕಂಪ್ಯೂಟರಿಗೆ ತಿಳಿಸುವ ಸಣ್ಣ ಪ್ರೋಗ್ರಾಂ. ಆಗ ಕನ್ನಡ ಕಾರ್ಡುಗಳ ಡ್ರೈವರುಗಳು ಪದೇಪದೇ ಬದಲಾಗುತ್ತಿದ್ದವು. ಒಂದು ಆವೃತ್ತಿ ಒಂದು ಯಂತ್ರಕ್ಕೆ ಒಗ್ಗಿದರೆ ಇನ್ನೊಂದಕ್ಕೆ ಒಗ್ಗುತ್ತಿರಲಿಲ್ಲ. ಫ್ಲಾಪಿಯಲ್ಲಿ ತಂದಿದ್ದ ಹೊಸ ಡ್ರೈವರನ್ನು ಹಾಕಿದೆ. ಒಂದು ಉದ್ದದ ಲೇಖನವನ್ನು ಅವರಿಂದ ಟೈಪ್ ಮಾಡಿಸಿದೆ. ಸಂಜೆಯವರೆಗೂ ಯಂತ್ರ ನಿಲ್ಲಲಿಲ್ಲ. ಕಡೆಯ ಬಸ್ಸಿಗೆ ಹೊರಟೆ.

ಮತ್ತೆ ಫೋನ್ ಬಂತು. ಈ ಸಲ ಮಾಲೀಕರೇ ಮಾತಾಡಿದರು. ಅವರ ದನಿಯಲ್ಲಿ ಸಿಟ್ಟಿಗಿಂತ ಬೇರೇನೋ ಇತ್ತು.

ಎರಡನೆಯ ಸಲ ಹೋದಾಗ ನಾನು ತಯಾರಾಗಿಯೇ ಹೋದೆ. ಮುಚ್ಚಳ ಬಿಚ್ಚಿ ಮೆಮೊರಿ ಚಿಪ್ಪುಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಒತ್ತಿದೆ. ಕಾದು ತಣಿದು, ಕಾದು ತಣಿದು ಅವು ತಮ್ಮ ಗೂಡಿನಿಂದ ಮೇಲೇಳುತ್ತವೆ; ಒತ್ತಿದಾಗ ಚಿಟ್ ಎಂದು ಕೂರುತ್ತವೆ. ಅಕ್ಷರದ ಕಾರ್ಡನ್ನು ತೆಗೆದು, ಅದರ ಅಂಚಿನ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದೆ. ಗೋಡೆಯ ಪ್ಲಗ್ಗಿನಲ್ಲಿ ಅರ್ಥಿಂಗ್ ಸರಿಯಿದೆಯೇ ಎಂದು ಮೀಟರ್ ಹಿಡಿದು ನೋಡಿದೆ. ಇರಲಿಲ್ಲ. ಹಿತ್ತಲಲ್ಲಿ ಗುಂಡಿ ತೋಡಿಸಿ, ಇದ್ದಿಲು ಉಪ್ಪು ತುಂಬಿಸಿ, ಹೊಸ ತಂತಿ ಎಳೆಸಿದೆ. ಇಷ್ಟಾದ ಮೇಲೂ ಸಮಾಧಾನವಾಗಲಿಲ್ಲ. ತೀರ್ಥಹಳ್ಳಿಯಲ್ಲಿ ನಾವೇ ಮಾರಿದ್ದ ಇಂಥದೇ ಇನ್ನೊಂದು ಯಂತ್ರವಿತ್ತು, ಅದು ಒಂದು ದಿನವೂ ನಿಂತಿರಲಿಲ್ಲ. ಅಲ್ಲಿಯ ಕಾರ್ಡನ್ನು ಇಲ್ಲಿಗೆ, ಇಲ್ಲಿಯದನ್ನು ಅಲ್ಲಿಗೆ ಹಾಕಿ ನೋಡುವುದೆಂದು ನಿರ್ಧರಿಸಿದೆ. ದೋಷ ಕಾರ್ಡಿನದಾದರೆ ಅದು ಕಾರ್ಡಿನ ಜೊತೆಗೇ ತೀರ್ಥಹಳ್ಳಿಗೆ ಹೋಗಬೇಕು.

ಹೊಸನಗರದ ಮೇಲೆ ಹೋಗುವ ಬಸ್ಸಿನಲ್ಲಿ ಕಾರ್ಡನ್ನು ಟವಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕೂತೆ.

"ಎಂತ ಸಾರ್ ಅದು, ಬಾಣಂತಿ ಮಗು ಹಿಡ್ಕೊಂಡಂಗೆ ಹಿಡ್ಕೊಂಡಿದೀರಿ?" ಎಂದ ಕಂಡಕ್ಟರ್.

"ಕಂಪ್ಯೂಟರಿನ ಭಾಗ."

"ಹಾಗಾದ್ರೆ ಅರ್ಧ ಟಿಕೆಟ್ ಮಾಡ್ಲಾ?" ಹಿಂದಿನ ಸೀಟಿನವರು ನಕ್ಕರು.

ಮರುದಿನ ತೀರ್ಥಹಳ್ಳಿಯ ಕಾರ್ಡು ತಂದು ಸಾಗರದ ಯಂತ್ರಕ್ಕೆ ಹಾಕಿದೆ. ಎಲ್ಲ ಸರಿಯಿತ್ತು. ಹೊರಡುವಾಗ ಆಪರೇಟರ್ ಜಗಲಿಯವರೆಗೆ ಬಂದರು.

"ಒಂದು ಮಾತು ಹೇಳ್ಲಾ ಸಾರ್? ನಗಬಾರದು."

"ಹೇಳಿ."

"ಮದುವೆ ಕಾರ್ಡಿಗೆ ಇದು ಒಂದು ಸಲಾನೂ ನಿಂತಿಲ್ಲ. ಉಪನಯನ, ಗೃಹಪ್ರವೇಶ, ಸಂಘದ ವರದಿ, ಯಾವುದಕ್ಕೂ ನಿಂತಿಲ್ಲ. ಸಾವಿನ ಕಾರ್ಡಿಗೆ ಮಾತ್ರ ನಿಲ್ತದೆ."

ಸಾವಿನ ಕಾರ್ಡು ಎಂದರೆ ವೈಕುಂಠ ಸಮಾರಾಧನೆಯ ಕರೆಯೋಲೆ. ಯಾರಾದರೂ ತೀರಿಕೊಂಡಾಗ ಮನೆಯವರು ಬಂದು, ಅಂದೇ ಅಚ್ಚು ಹಾಕಿಸಿಕೊಂಡು ಹೋಗುತ್ತಾರೆ. ನಾನು ನಗಲಿಲ್ಲ. ಅವರು ಮುಂದಿನದನ್ನು ನನ್ನ ಮುಖ ನೋಡದೆ ಹೇಳಿದರು.

"ಆನಂದಪುರದ ಕಡೆಯವರ ಒಂದು ಮನೆ. ಅಜ್ಜನ ಕಾರ್ಡು ಹೊಡೀತಿದ್ದಾಗ ನಿಂತಿತು. ಅಜ್ಜನ ಕಾರ್ಯ ಮುಗಿಯೋದ್ರೊಳಗೆ ಅಜ್ಜಿ ಹೋದ್ರು. ಆಮೇಲೆ ಹೊಸನಗರದ ಹತ್ತಿರದ ಒಬ್ಬರದು. ತಮ್ಮನ ಕಾರ್ಡಿಗೆ ನಿಂತಿತು, ಅದೇ ವಾರ ಅಣ್ಣ ಎದೆನೋವು ಬಂದು ಹೋದ. ಆ ಅಣ್ಣನ ಕಾರ್ಡನ್ನೂ ನಾನೇ ಹೊಡೆದೆ ಸಾರ್. ಅದಕ್ಕೂ ನಿಂತಿತು."

"ಅದಕ್ಕೂ ಯಂತ್ರಕ್ಕೂ ಏನು ಸಂಬಂಧ ಮೇಡಂ?"

"ನಂಗೆ ಗೊತ್ತಿಲ್ಲ. ಪೇಟೇಲಿ ನನ್ನ ಕೈಗುಣ ಅಂತಿದಾರೆ."

ಆ ರಾತ್ರಿ ಶಿವಮೊಗ್ಗದ ಮನೆಯಲ್ಲಿ ಊಟ ಮಾಡುವಾಗಲೂ ಅದೇ ಯೋಚನೆ. ಎಂಜಿನಿಯರನಾಗಿ ನನಗೆ ಅವರ ಮಾತಿನಲ್ಲಿ ಒಂದು ಸುಳಿವು ಕಂಡಿತ್ತು. ಒಂದೇ ಬಗೆಯ ಬರಹಕ್ಕೆ ಯಂತ್ರ ನಿಲ್ಲುತ್ತದೆ ಎಂದರೆ ಆ ಬರಹದಲ್ಲಿರುವ ಯಾವುದೋ ಅಕ್ಷರವನ್ನು ಇಲ್ಲವೆ ಒತ್ತಕ್ಷರವನ್ನು ಡ್ರೈವರ್ ನಿಭಾಯಿಸಲಾರದೆ ಸಾಯುತ್ತಿರಬೇಕು. 'ವೈಕುಂಠ', 'ದೈವಾಧೀನ', 'ಉತ್ತರಕ್ರಿಯೆ' ಇಂಥ ಮಾತುಗಳು ಮದುವೆಯ ಕಾರ್ಡಿನಲ್ಲಿ ಬರುವುದಿಲ್ಲ. ಇದನ್ನು ಪರೀಕ್ಷಿಸುವುದು ಸುಲಭ. ಮತ್ತೆ ತೀರ್ಥಹಳ್ಳಿಗೆ ಹೋಗಿ ಅಲ್ಲಿಯ ಯಂತ್ರದ ಮೇಲೆ, ಅಂದರೆ ಸಾಗರದ ಕಾರ್ಡಿನ ಮೇಲೆ, ಈ ಮಾತುಗಳನ್ನೆಲ್ಲ ಪುಟಗಟ್ಟಲೆ ಹೊಡೆದು ನೋಡಿದೆ. ಏನೂ ಆಗಲಿಲ್ಲ.

ಅಷ್ಟರಲ್ಲಿ ಸಾಗರದಲ್ಲಿ, ತೀರ್ಥಹಳ್ಳಿಯಿಂದ ತಂದು ಹಾಕಿದ ಒಳ್ಳೆಯ ಕಾರ್ಡಿನೊಂದಿಗೆ, ಯಂತ್ರ ಮತ್ತೆ ನಿಂತಿತು. ಅದೂ ಸಾವಿನ ಕಾರ್ಡಿಗೇ.

ಮಾಲೀಕರು ಫೋನಿನಲ್ಲಿ ಹೇಳಿದ್ದು ಇಷ್ಟೇ. "ನೋಡಿ, ಇದೊಂದು ಸಲ ಬನ್ನಿ. ಆಗ್ಲಿಲ್ಲ ಅಂದ್ರೆ ಮೆಷಿನ್ ನೀವೇ ತಗೊಂಡು ಹೋಗಿ. ನಾನು ಮೊದಲಿನ ಹಾಗೆ ಮೊಳೆ ಜೋಡಿಸ್ಕೊಂಡು ಇರ್ತೀನಿ. ಆ ಹುಡುಗಿಗೂ ಬೇರೆ ಕಡೆ ನೋಡ್ಕೊ ಅಂತ ಹೇಳ್ತೀನಿ."

"ಅವರದೇನು ತಪ್ಪು?"

"ತಪ್ಪು ಅಂತ ನಾನು ಹೇಳ್ಲಿಲ್ಲ. ಜನ ಬಂದು, ಆ ಅಕ್ಕನ ಕೈಲಿ ಬೇಡ ಅಂತಾರೆ. ಈ ಊರಲ್ಲಿ ಬೇರೆ ಯಾರು ಆ ಹೆಂಗಸಿಗೆ ಕೆಲಸ ಕೊಡ್ತಾರೆ, ನೀವೇ ಹೇಳಿ. ನಂಗೂ ಹೊಟ್ಟೆ ಉರೀತದೆ."

ಮೂರನೆಯ ಸಲ ಹೋದವನು ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಲಾಡ್ಜಿನಲ್ಲಿ ಕೋಣೆ ಹಿಡಿದೆ. ಸರಿಯಾಗದೆ ಹಿಂತಿರುಗುವುದಿಲ್ಲ ಎಂದು ಆಫೀಸಿಗೆ ಹೇಳಿ ಬಂದಿದ್ದೆ.

ನಾನು ಕೇಳಿದ್ದು ಒಂದೇ. ಯಂತ್ರ ನಿಂತಾಗ ಹೊಡೆಯುತ್ತಿದ್ದ ಅದೇ ಕಾರ್ಡು ಬೇಕು, ಅದನ್ನು ನಾನು ಮತ್ತೆ ಹೊಡೆದು ನೋಡಬೇಕು. ಮಾಲೀಕರು ತಲೆಯಾಡಿಸಿದರು. ಸಾವಿನ ಕಾರ್ಡಿನ ಯಾವ ಕುರುಹನ್ನೂ ಪ್ರೆಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲವಂತೆ. ಮೊಳೆಯ ಕಾಲದಲ್ಲಿ ಅಚ್ಚಾದ ಕೂಡಲೇ ಬಿಚ್ಚಿ ಖಾನೆಗಳಿಗೆ ಹಾಕುತ್ತಿದ್ದರು, ರಾತ್ರಿ ಉಳಿಯಗೊಡುತ್ತಿರಲಿಲ್ಲ. ಈಗ ಫೈಲನ್ನು ಅಳಿಸುತ್ತಾರೆ. ಹೆಚ್ಚಾದ ಪ್ರತಿಗಳನ್ನು ಹಿತ್ತಲಲ್ಲಿ ಸುಡುತ್ತಾರೆ.

"ಹಾಗಾದ್ರೆ ಒಂದು ಹೊಸದು ಹೊಡೀರಿ. ನಾನು ಪಕ್ಕದಲ್ಲಿ ಕೂತು ನೋಡ್ತೀನಿ."

"ಯಾರದು?" ಎಂದರು ಆಪರೇಟರ್.

"ಯಾವುದೋ ಒಂದು ಹೆಸರು ಹಾಕಿ."

ಕೋಣೆಯಲ್ಲಿದ್ದ ಮೂವರೂ ನನ್ನನ್ನು ನೋಡಿದರು. "ಯಾವುದೋ ಹೆಸರು ಅಂತ ಇರಲ್ಲ ಸಾರ್," ಎಂದ ಮೆಷಿನ್‌ಮ್ಯಾನ್. "ಯಾವ ಹೆಸರು ಹಾಕಿದ್ರೂ ಅದು ಎಲ್ಲೋ ಒಬ್ಬರದು ಆಗಿರ್ತದೆ."

ಹೀಗಾಗಿ ಯಾರಾದರೂ ಸಾಯುವವರೆಗೆ ಕಾಯುವುದೊಂದೇ ದಾರಿಯಾಯಿತು.

ನಾನು ಬೆಳಿಗ್ಗೆ ಬಂದು ಕಂಪ್ಯೂಟರಿನ ಪಕ್ಕ ಒಂದು ಸ್ಟೂಲಿನ ಮೇಲೆ ಕೂರುತ್ತಿದ್ದೆ. ಆಪರೇಟರ್ ಮದುವೆಯ ಕಾರ್ಡುಗಳನ್ನು ಹೊಡೆಯುತ್ತಿದ್ದರು. ಲಗ್ನದ ತಿಂಗಳು, ಕೆಲಸ ತುಂಬ ಇತ್ತು. ನಗುತ್ತ ಬಂದವರು ಅಂಚಿಗೆ ಅರಿಶಿನ ಹಚ್ಚಿದ ಕಾರ್ಡುಗಳನ್ನು ಹಿಡಿದು ನಗುತ್ತ ಹೋಗುತ್ತಿದ್ದರು. ಯಂತ್ರ ಹೂವು ಎತ್ತಿದ ಹಾಗೆ ಕೆಲಸ ಮಾಡುತ್ತಿತ್ತು. ಹೊರಗೆ ಯಾರಾದರೂ ಸಪ್ಪೆ ಮುಖದಿಂದ ಮೆಟ್ಟಿಲು ಹತ್ತಿದರೆ ನಾನು ನೆಟ್ಟಗೆ ಕೂರುತ್ತಿದ್ದೆ. ಒಮ್ಮೆ ಬೀದಿಯಲ್ಲಿ ಜಾಗಟೆಯ ಸದ್ದು ಕೇಳಿತು, ನಾನು ಎದ್ದು ಬಾಗಿಲಿಗೆ ಹೋದೆ. ಯಾವುದೋ ದೇವರ ಹರಕೆ ಹೊತ್ತವರು. ಹಿಂತಿರುಗಿ ಬಂದು ಕೂತಾಗ ಆಪರೇಟರ್ ಟೈಪ್ ಮಾಡುವುದನ್ನು ನಿಲ್ಲಿಸಿದ್ದರು.

"ನೀವು ಕಾಯ್ತಾ ಇದೀರಲ್ಲ ಸಾರ್."

ನಾನು ಸ್ಟೂಲನ್ನು ಪರದೆಯ ಕಡೆ ತಿರುಗಿಸಿಕೊಂಡೆ.

"ನಾನೂ ಹೀಗೇ ಆಗಿದೀನಿ. ಯಾರಾದ್ರೂ ಬಾಗಿಲಲ್ಲಿ ನಿಂತ್ರೆ, ಯಾರು ಹೋದ್ರು ಅಂತ್ಲೇ ಮೊದಲು ತಲೆಗೆ ಬರ್ತದೆ."

ಆ ಮಧ್ಯಾಹ್ನ ಲಾಡ್ಜಿಗೆ ಹೋಗಿ ಮಲಗಿದರೆ ನಿದ್ದೆ ಬರಲಿಲ್ಲ. ಕೆಳಗಿನ ಹೋಟೆಲಿನಲ್ಲಿ ಒಬ್ಬ ಮುದುಕ ಬಿಡದೆ ಕೆಮ್ಮುತ್ತಿದ್ದ. ಆ ಕೆಮ್ಮನ್ನು ನಾನು ಯಾವ ಕಿವಿಯಿಂದ ಕೇಳುತ್ತಿದ್ದೇನೆ ಎಂದು ಅರಿವಾದಾಗ ಎದ್ದು ಕೂತೆ. ಇನ್ನು ಕಾಯಕೂಡದು ಎಂದು ಆಗಲೇ ನಿಶ್ಚಯಿಸಿದೆ. ಬೇರೆಯವರ ಹೆಸರು ಹಾಕಲಾಗದು, ಸರಿ. ನನ್ನ ಹೆಸರು ನನ್ನದೇ ತಾನೆ.

ಪ್ರೆಸ್ಸಿಗೆ ಬಂದು ಇದನ್ನು ಹೇಳಿದಾಗ ಮಾಲೀಕರು ಎದ್ದರು. "ನಾನು ಇದನ್ನ ನೋಡೋದಿಲ್ಲ ಮಾರಾಯ್ರೆ," ಎಂದು ಚಪ್ಪಲಿ ಮೆಟ್ಟಿ ಪೇಟೆಗೆ ಹೋಗಿಬಿಟ್ಟರು. ಆಪರೇಟರ್ ಕುರ್ಚಿ ಬಿಟ್ಟು ಗೋಡೆಗೆ ಒರಗಿ ನಿಂತರು.

"ಬೇಡ ಸಾರ್. ನಿಮಗೆ ದಮ್ಮಯ್ಯ ಅಂತೀನಿ. ಮೆಷಿನ್ ಹೋದ್ರೆ ಹೋಗ್ಲಿ."

"ಬರೀ ಅಕ್ಷರ ಮೇಡಂ."

"ನಿಮ್ಮ ಮನೇಲಿ ಯಾರಿದಾರೆ?"

"ಅಪ್ಪ."

ಅವರು ಮುಖ ಆ ಕಡೆ ತಿರುಗಿಸಿದರು.

ನಾನು ಕೂತು ಟೈಪ್ ಮಾಡತೊಡಗಿದೆ. ಅಂಥ ಕಾರ್ಡಿನ ಒಕ್ಕಣೆ ಯಾರಿಗೆ ಗೊತ್ತಿಲ್ಲ? ನನ್ನ ಹೆಸರು ಹೊಡೆದೆ. ಇವರು ದೈವಾಧೀನರಾದ ಪ್ರಯುಕ್ತ ಎಂದು ಹೊಡೆದೆ. ಸಮಾರಾಧನೆಗೆ ಒಂದು ತಾರೀಖು ಬೇಕಾಯಿತು. ಅಂದಿನಿಂದ ಲೆಕ್ಕ ಹಾಕಿ, ನಿಜವಾದ ಕಾರ್ಡಿನಲ್ಲಿ ಬರುವಂಥದೇ ತಾರೀಖನ್ನು ಹಾಕಿದೆ. ಪರೀಕ್ಷೆ ಎಂದರೆ ಎಲ್ಲವೂ ಇದ್ದ ಹಾಗೆಯೇ ಇರಬೇಕು. ಯಂತ್ರ ಸರಾಗವಾಗಿ ಕೆಲಸ ಮಾಡುತ್ತಿತ್ತು.

ಅಷ್ಟರಲ್ಲಿ ಹಿಂದಿನ ಕೋಣೆಯಿಂದ ಮೆಷಿನ್‌ಮ್ಯಾನ್ ಕೈ ಒರೆಸಿಕೊಳ್ಳುತ್ತ ಬಂದ. ಪರದೆಯನ್ನು ನೋಡಿದ. ದೇವರ ಪಟ ನೋಡಿದ.

"ಸ್ವಲ್ಪ ಕುರ್ಚಿ ಎಳ್ಕೊಳಿ ಸಾರ್."

"ಯಾಕೆ?"

"ದೇವರೆದುರಿಗೆ ಇದನ್ನ ಹೊಡೆಯೋದಾ? ಒಳ್ಳೆ ಕಥೆ ಆಯ್ತು ನಿಮ್ಮದು."

ಅವನು ಮೇಜಿನ ಎರಡು ಮೂಲೆ ಹಿಡಿದು ನೂಕಿದ. ಆ ಮೇಜಿನ ಕಾಲಿಗೆ ಗಾಲಿಗಳಿದ್ದವು. ಗಾಲಿ ಇರುವುದನ್ನು ನಾನು ಗುಡಿಸುವ ಅನುಕೂಲಕ್ಕೆ ಎಂದು ತಿಳಿದಿದ್ದೆ. ಮೇಜು ಗರ್ರೆಂದು ತಿರುಗಿ, ಪರದೆ ದೇವರಿಗೆ ಬೆನ್ನು ಹಾಕಿ ದಕ್ಷಿಣಕ್ಕೆ ಮುಖ ಮಾಡಿ ನಿಂತಿತು. ನಾನು ಕುರ್ಚಿಯನ್ನು ಎಳೆದುಕೊಂಡು ಅದರ ಎದುರಿಗೆ ಹೋಗಿ ಮುಂದುವರಿಸಿದೆ. 'ಇಂತಿ ದುಃಖತಪ್ತರು' ಎಂದು ಹೊಡೆದು, ಕೆಳಗಿನ ಸಾಲಿನಲ್ಲಿ ನನ್ನ ಅಪ್ಪನ ಹೆಸರನ್ನು ಹೊಡೆಯತೊಡಗಿದೆ. ಹೆಸರಿನ ನಡುವೆ ಕರ್ಸರ್ ನಿಂತಿತು.

ಇನ್ನೊಂದು ಕೀಲಿ ಒತ್ತಿದೆ. ಏನೂ ಇಲ್ಲ. ನೋಡುತ್ತಿದ್ದ ಹಾಗೇ ಅಪ್ಪನ ಅರ್ಧ ಹೆಸರು ಪರದೆಯ ಮೇಲೆ ಒಂದರ ಕೆಳಗೊಂದು ಇಳಿಯತೊಡಗಿತು, ಕೆಳಗಿನ ಅಂಚಿನವರೆಗೆ.

ಆಪರೇಟರ್ ನನ್ನ ಬೆನ್ನ ಹಿಂದೆ ಬಂದು ನಿಂತಿದ್ದರು. ನನ್ನ ಕೈ ಕೀಲಿಗಳ ಮೇಲೆಯೇ ಇತ್ತು. ಯಂತ್ರಗಳ ವಿಷಯದಲ್ಲಿ ನನಗೆ ಯಾವ ಭ್ರಮೆಯೂ ಇರಲಿಲ್ಲ, ಆಗಲೂ ಈಗಲೂ ಇಲ್ಲ. ಆದರೂ ಆ ಗಳಿಗೆಯಲ್ಲಿ ನಾನು ಸ್ವಿಚ್ಚಿಗೆ ಕೈ ಹಾಕಲು ಹೋದೆ. ಯಂತ್ರವನ್ನು ಸರಿಮಾಡಲು ಅಲ್ಲ, ಆ ಹೆಸರು ಕಾಣದಿದ್ದರೆ ಸಾಕು ಎಂದು. ಮೆಷಿನ್‌ಮ್ಯಾನ್ ನನಗಿಂತ ಮೊದಲೇ ಮೇಜನ್ನು ಹಿಡಿದಿದ್ದ, ಹಿಂದಕ್ಕೆ ತಿರುಗಿಸಲು.

ಅವನ ಕೈ ನೋಡಿದ ಮೇಲೆ ನನಗೆ ಎಚ್ಚರವಾಯಿತು.

"ಮುಟ್ಟಬೇಡಿ. ಯಾರೂ ಏನನ್ನೂ ಮುಟ್ಟಬೇಡಿ."

ಎದ್ದು ಮೇಜಿನ ಸುತ್ತ ನಿಧಾನವಾಗಿ ಬಂದೆ. ಕರೆಂಟು ಇತ್ತು, ದೀಪ ಉರಿಯುತ್ತಿತ್ತು. ಫ್ಯಾನಿನ ಸದ್ದು ಇತ್ತು. ಕಂಪ್ಯೂಟರಿನ ಬೆನ್ನಿನಿಂದ ಪ್ರಿಂಟರಿಗೆ ಹೋಗುವ ದಪ್ಪ ಕೇಬಲ್ಲು ಮೇಜಿನ ಅಂಚಿನ ಮೇಲೆ ಬಟ್ಟೆ ಒಣಹಾಕುವ ಹಗ್ಗದಂತೆ ಬಿಗಿದು ನಿಂತಿತ್ತು. ಬೆರಳಿನಿಂದ ಮುಟ್ಟಿದೆ, ಮೀಟಿದರೆ ಸದ್ದು ಬರುವಷ್ಟು ಬಿಗಿ. ಮೇಜು ತಿರುಗಿತ್ತು. ಪ್ರಿಂಟರ್ ಕಲ್ಲಿನ ಮೇಲೆ ಇದ್ದಲ್ಲೇ ಇತ್ತು.

ಆ ಕೇಬಲ್ಲಿನ ಇನ್ನೊಂದು ತುದಿಯನ್ನು ಸ್ಕ್ರೂ ಹಾಕಿ ಬಿಗಿದದ್ದು ಅಕ್ಷರದ ಕಾರ್ಡಿಗೇ. ಪರದೆಗೂ ಪ್ರಿಂಟರಿಗೂ ಆ ಒಂದೇ ಕಾರ್ಡು. ಮುಚ್ಚಳ ತೆಗೆದು ಟಾರ್ಚು ಬಿಟ್ಟು ನೋಡಿದೆ. ಕಾರ್ಡಿನ ಒಂದು ತುದಿ ತನ್ನ ಗೂಡಿನಿಂದ ಉಗುರಿನಷ್ಟು ಮೇಲೆದ್ದಿತ್ತು. ಕಾರ್ಡನ್ನು ಪೆಟ್ಟಿಗೆಗೆ ಹಿಡಿದಿಡುವ ಸ್ಕ್ರೂ ಜಾಗದಲ್ಲೇ ಇತ್ತು, ನೋಡಲು ಬಿಗಿಯಾಗಿಯೇ ಇತ್ತು. ಎರಡು ಬೆರಳಿನಲ್ಲಿ ಹಿಡಿದು ಎಳೆದರೆ ಕೈಗೆ ಬಂದುಬಿಟ್ಟಿತು. ಪೆಟ್ಟಿಗೆಯ ತೂತಿನೊಳಗಿನ ತಿರುಪಿನ ಗೆರೆಗಳು ಸವೆದಿದ್ದವು; ಹಿಂದೆ ಸ್ಕ್ರೂ ಬಿಗಿದಾಗ ನಾನು ಎಳೆದು ನೋಡಿರಲಿಲ್ಲ. ಕಾರ್ಡು ಬದಲಾಯಿಸಿದರೂ ದೋಷ ಸಾಗರದಲ್ಲೇ ಉಳಿದದ್ದು ಇದಕ್ಕೇ. ತೂತು ಪೆಟ್ಟಿಗೆಯದು, ಕಾರ್ಡಿನದಲ್ಲ.

"ಪ್ರತಿ ಸಲಾನೂ ಹೀಗೆ ತಿರುಗಿಸ್ತೀರಾ?" ಎಂದು ಕೇಳಿದೆ.

"ಮತ್ತೆ? ಮೊಳೆ ಇದ್ದಾಗ ಹಿಂದಿನ ಬಾಗಿಲ ಹತ್ರ ಬೇರೆ ಹಲಗೆ ಮೇಲೆ ಜೋಡಿಸ್ತಿದ್ವಿ. ಈ ಎಮ್ಮೆನ ಎತ್ಕೊಂಡು ಹೋಗೋಕಾಗ್ತದಾ? ಅದಕ್ಕೆ ಗಾಲಿ ಹಾಕ್ಸಿದ್ದು."

"ನಿಂತ ಮೇಲೆ?"

"ನಿಂತ ಮೇಲೆ ಯಾರಿಗೆ ಬೇಕು ಅದು. ವಾಪಸ್ ದೇವರ ಕಡೆ ತಿರುಗಿಸಿ, ಆಮೇಲೆ ಸ್ವಿಚ್ ಹಾಕ್ತೀವಿ." ಎಳೆತ ಸಡಿಲಿದ ಕೂಡಲೇ ಕಾರ್ಡು ತಾನಾಗಿ ಗೂಡಿಗೆ ಇಳಿಯುತ್ತಿತ್ತು.

"ಇದನ್ನ ನನಗೆ ಯಾಕೆ ಹೇಳ್ಲಿಲ್ಲ?"

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಕಂಪ್ಯೂಟರಿಗೆ ಏನು ಮಾಡಿದ್ರಿ ಅಂತ ಕೇಳಿದ್ರಿ. ಕಂಪ್ಯೂಟರಿಗೆ ನಾವು ಏನೂ ಮಾಡ್ಲಿಲ್ಲವಲ್ಲ."

ಅವರ ಮಟ್ಟಿಗೆ ಅದು ನಿಜ. ಒಳಗೆ ಬರುವಾಗ ಚಪ್ಪಲಿ ಬಿಡುವುದನ್ನು ಯಾರೂ ವರದಿ ಮಾಡುವುದಿಲ್ಲ.

ಯಂತ್ರ ಆರಿಸಿ, ಕಾರ್ಡನ್ನು ಒತ್ತಿ ಕೂರಿಸಿ, ಮೇಜನ್ನು ಮೊದಲಿನ ಜಾಗಕ್ಕೆ ತಂದು ಅ ಆ ಇ ಈ ಹೊಡೆದೆ. ಸಾಲುಗಟ್ಟಲೆ ಹೊಡೆದರೂ ನಿಲ್ಲಲಿಲ್ಲ. ಮೇಜು ತಿರುಗಿಸಿ ಅದನ್ನೇ ಹೊಡೆದೆ. ಸ್ವಲ್ಪ ಹೊತ್ತಿಗೆ, ಕೀಲಿ ಕುಟ್ಟುವ ಅದುರಿಗೆ ಕಾರ್ಡು ಜಾರಿ, ಅಕ್ಷರಮಾಲೆಯ ನಡುವೆ ನಿಂತಿತು. ಮತ್ತೆ ಮಾಡಿ ತೋರಿಸಿದೆ. ಮತ್ತೂ ನಿಂತಿತು.

"ನೋಡಿ ಮೇಡಂ. ಅ ಆ ಇ ಈ ಯಾರ ಸಾವೂ ಅಲ್ಲ."

ಆಪರೇಟರ್ ನೋಡಿದರು. ಮೆಷಿನ್‌ಮ್ಯಾನ್ ಮಾತ್ರ ನೆಲದ ಮೇಲೆ ಕೂತುಬಿಟ್ಟಿದ್ದ. "ಹಾಗಾದ್ರೆ ನಾನೇ ಮಾಡಿದ್ದಾ ತಂಗಿ? ಇಷ್ಟು ದಿನ ನಿನ್ನ ಹೆಸರು ಹೇಳ್ತಿದ್ರಲ್ಲ ಎಲ್ಲರೂ."

"ಬಿಡಿ ಅಣ್ಣ," ಎಂದರು ಅವರು. ದನಿಯಲ್ಲಿ ಜೀವವಿರಲಿಲ್ಲ.

ಪೇಟೆಯಿಂದ ದಪ್ಪದ ಸ್ಕ್ರೂ ತಂದು, ತೂತನ್ನು ಕೊರೆದು ಅಗಲ ಮಾಡಿ ಬಿಗಿದೆ. ನನ್ನ ಚೀಲದಲ್ಲಿ ಉದ್ದದ ಪ್ರಿಂಟರ್ ಕೇಬಲ್ಲು ಒಂದಿತ್ತು, ಅದನ್ನು ಹಾಕಿ, ಮೇಜಿನ ಕಾಲಿಗೆ ಸಡಿಲವಾಗಿ ಕಟ್ಟಿದೆ. ಮೇಜು ತಿರುಗಿಸುವುದನ್ನು ಬಿಡಿ ಎಂದು ನಾನು ಹೇಳಲಿಲ್ಲ. ಎತ್ತ ತಿರುಗಿಸಿದರೂ ಎಳೆಯದ ಹಾಗೆ ಮಾಡುವುದು ನನ್ನ ಕೆಲಸ.

ಅದನ್ನು ಮುಗಿಸುವ ಹೊತ್ತಿಗೆ ಮಾಲೀಕರು ಬಂದರು. ಅವರ ಹಿಂದೆಯೇ ತುಮರಿಯ ಕಡೆಯ ಒಬ್ಬರು, ಲಾಂಚಿನಲ್ಲಿ ಹಿನ್ನೀರು ದಾಟಿ ಬಂದವರು. ಬರೆದು ತಂದ ಚೀಟಿಯನ್ನು ಯಾರ ಕೈಗೂ ಕೊಡದೆ ಮೇಜಿನ ಮೇಲೆ ಇಟ್ಟರು. ಮಾಲೀಕರು ಅವರ ಮನೆಮಾತಿನಲ್ಲೇ ವಿಚಾರಿಸಿದರು.

"ಯಾವಾಗ ಆತು?"

"ನಿನ್ನೆ ಸಂಜೆ. ಅಣ್ಣ. ಮನೇಲಿ ಆಯಿ ಹಾಸಿಗೆ ಹಿಡಿದಿದ್ದು, ಅದಕ್ಕೆ ಇನ್ನೂ ಹೇಳಿದ್ದಿಲ್ಲೆ." ಒಳಗೆ ಇಣುಕಿ ಆಪರೇಟರನ್ನು ನೋಡಿ ದನಿ ತಗ್ಗಿಸಿದರು. "ನಿಂಗಳ ಮೆಷಿನ್ ನಿಲ್ತಡ ಹೇಳಿ ಕೇಳಿದ್ದೆ. ನಿಲ್ತಿಲ್ಲೆ ಅಲ್ದಾ? ಲಾಂಚ್ ತಪ್ಪಿದ್ರೆ ಇವತ್ತು ಮನೆಗೆ ಹೋಪಲೆ ಆಗ್ತಿಲ್ಲೆ."

ಮಾಲೀಕರು ನನ್ನ ಮುಖ ನೋಡಿದರು. ನಿಲ್ಲುವುದಿಲ್ಲ ಎಂದೆ.

ಮೆಷಿನ್‌ಮ್ಯಾನ್ ಹೆದರುತ್ತ ಹೆದರುತ್ತ ಮೇಜು ತಿರುಗಿಸಿದ. ಆಪರೇಟರ್ ಕುರ್ಚಿಯಲ್ಲಿ ಕೂತರು. ಬೆರಳುಗಳನ್ನು ಕೀಲಿಗಳ ಮೇಲೆ ಇಟ್ಟರು. ಇಟ್ಟ ಬೆರಳುಗಳು ಅಲುಗಲಿಲ್ಲ. ಅವರು ನೋಡುತ್ತಿದ್ದದ್ದು ಪರದೆಯನ್ನಲ್ಲ, ಬಾಗಿಲಲ್ಲಿ ನಿಂತಿದ್ದ ಆ ಮನುಷ್ಯನನ್ನು.

"ಇವರ ತಾಯಿ ಇದಾರಂತೆ ಸಾರ್," ಎಂದರು ನನಗೆ ಮಾತ್ರ ಕೇಳುವ ಹಾಗೆ. "ನಂಗೆ ಆಗಲ್ಲ."

ಲಾಂಚಿನ ಹೊತ್ತಾಗುತ್ತಿತ್ತು. ನಾನು ಕೂತೆ. ಅವರು ಪಕ್ಕದಲ್ಲಿ ನಿಂತು ಚೀಟಿ ಓದಿದರು, ನಾನು ಹೊಡೆದೆ. ಯಂತ್ರ ಒಮ್ಮೆಯೂ ತಡವರಿಸಲಿಲ್ಲ. ಕಾರ್ಡುಗಳ ಕಟ್ಟು ಹಿಡಿದು ಆ ಮನುಷ್ಯ, ಬರ್ತೀನಿ ಎನ್ನದೆ, ಹಿಂತಿರುಗಿ ನೋಡದೆ ಮೆಟ್ಟಿಲಿಳಿದು ಹೋದರು. ಸಾವಿನ ಕೆಲಸಕ್ಕೆ ಬಂದವರು ಹಾಗೆಯೇ ಹೋಗುತ್ತಾರೆ.

ಮಾಲೀಕರು ನನ್ನನ್ನು ಜಗಲಿಗೆ ಕರೆದರು. "ಮೆಷಿನ್ ರಿಪೇರಿ ಆಯ್ತು. ಇವಳದ್ದು? ಸಾವಿನ ಕಾರ್ಡು ಬಂದಾಗೆಲ್ಲ ನಿಮಗೆ ಫೋನ್ ಮಾಡ್ಲಾ?"

"ಸ್ವಲ್ಪ ದಿನ ಕೊಡಿ."

"ಕೊಡ್ತೀನಿ. ಆದ್ರೆ ಎಷ್ಟು ದಿನ ಅಂತ ಕೊಡ್ಲಿ?"

ನಾನು ಚೀಲ ತೆಗೆದುಕೊಳ್ಳಲು ಒಳಗೆ ಹೋದಾಗ ಆಪರೇಟರ್ ಅಲ್ಲೇ ನಿಂತಿದ್ದರು.

"ಮೆಷಿನ್ ನಿಂತಿದ್ದಕ್ಕೆ ಕಾರಣ ಸಿಕ್ತು ಸಾರ್. ನಾನು ಇಲ್ಲ ಅನ್ನಲ್ಲ. ಆ ಎರಡು ಮನೆಯವರು ಹೋಗಿದ್ದಕ್ಕೆ?"

"ಅಜ್ಜಿಗೆ ವಯಸ್ಸಾಗಿತ್ತು. ಆ ಅಣ್ಣನಿಗೆ ಎದೆನೋವು."

"ಹ್ಞೂಂ," ಎಂದರು. "ನಿಮ್ಮ ಕಾರ್ಡು ನಿಮ್ಮ ತಂದೆಯ ಹೆಸರಲ್ಲಿ ನಿಂತಿತು. ನಾನು ನೋಡಿದೆ."

ಇದಕ್ಕೆ ನನ್ನ ಹತ್ತಿರ ಸ್ಕ್ರೂ ಇರಲಿಲ್ಲ.

ಶಿವಮೊಗ್ಗಕ್ಕೆ ಮರಳಿದ ಮೇಲೆ ಬೇರೆ ಕೆಲಸಗಳು ಬಂದವು. ಆದರೂ ನಾನು ಹಾಕಿದ ಆ ತಾರೀಖು ತಲೆಯಿಂದ ಹೋಗಲಿಲ್ಲ. ಅಪ್ಪ ಸೈಕಲ್ಲಿನಲ್ಲಿ ಪೇಟೆಗೆ ಹೊರಟರೆ ಬಾಗಿಲಲ್ಲಿ ನಿಂತು ತಿರುವಿನವರೆಗೆ ನೋಡುತ್ತಿದ್ದೆ. "ಎಂತದೋ ಅದು, ಮದುಮಗಳು ಹೊರಟ ಹಾಗೆ ನೋಡ್ತೀಯಲ್ಲ," ಎಂದು ಒಮ್ಮೆ ಗದರಿದರು. ಕಾರಣ ಗೊತ್ತಿರುವವನಿಗೂ ಹೀಗಾಗುತ್ತದೆ. ಕೇಬಲ್ಲು, ಸವೆದ ತೂತು, ಮೇಲೆದ್ದ ಕಾರ್ಡು, ಎಲ್ಲವನ್ನೂ ನಾನೇ ಕಣ್ಣಾರೆ ಕಂಡು ಕೈಯಾರೆ ಮುಟ್ಟಿದ್ದೆ. ಆದರೆ ರಾತ್ರಿ ಕಣ್ಣು ಮುಚ್ಚಿದರೆ ಬರುತ್ತಿದ್ದದ್ದು ಪರದೆಯ ಮೇಲಿನಿಂದ ಕೆಳಕ್ಕೆ ಇಳಿಯುವ ಅರ್ಧ ಹೆಸರು. ಸಾಗರದ ಮಾಲೀಕರು ನಡುವೆ ಒಮ್ಮೆ ಫೋನ್ ಮಾಡಿ, ಯಂತ್ರ ಚೆನ್ನಾಗಿದೆ, ಸಾವಿನ ಕಾರ್ಡು ಬಂದರೆ ಆಕೆ ತಲೆನೋವು ಎಂದು ಮನೆಗೆ ಹೋಗುತ್ತಾಳೆ, ಇನ್ನು ನನ್ನಿಂದ ಆಗದು, ಬೇರೆಯವರನ್ನು ನೋಡುತ್ತಿದ್ದೇನೆ ಎಂದರು.

ಆ ತಾರೀಖು ಬಂತು, ಹೋಯಿತು. ಮರುದಿನ ಮಧ್ಯಾಹ್ನ ಆಫೀಸಿಗೆ ಸಾಗರದಿಂದ ಟ್ರಂಕ್ ಕಾಲ್. ಪ್ರೆಸ್ಸಿನ ಆಪರೇಟರ್.

"ಮತ್ತೆ ನಿಂತಿತಾ?" ಎಂದೆ.

"ಇಲ್ಲ ಸಾರ್. ನಿಂತಿಲ್ಲ." ಲೈನಿನಲ್ಲಿ ಗೊರಗೊರ ಸದ್ದು. "ನೀವು ಆರಾಮಾ?"

"ಆರಾಮ."

"ನಿಮ್ಮ ತಂದೆ?"

"ಬೆಳಿಗ್ಗೆ ಸಾರಿಗೆ ಉಪ್ಪು ಕಮ್ಮಿ ಅಂತ ನನ್ನ ಹತ್ರ ಜಗಳ ಆಡಿ ಪೇಟೆಗೆ ಹೋಗಿದಾರೆ."

ಲೈನು ಕಡಿದುಹೋಯಿತು ಎಂದುಕೊಂಡು ಹಲೋ ಹಲೋ ಎಂದೆ.

"ಇದೀನಿ ಸಾರ್," ಎಂದರು. ಅಳುತ್ತಿದ್ದರೋ ನಗುತ್ತಿದ್ದರೋ ಆ ಲೈನಿನಲ್ಲಿ ತಿಳಿಯುವಂತಿರಲಿಲ್ಲ. "ಇಡ್ತೀನಿ. ಸಾವಿನ ಕಾರ್ಡಿಗೆ ಅಂತ ಒಬ್ಬರು ಬೆಳಿಗ್ಗೆಯೇ ಬಂದು ಕೂತಿದಾರೆ. ಒಂದು ಫೋನ್ ಮಾಡಿ ಬಂದು ಹೊಡೀತೀನಿ ಅಂದಿದ್ದೆ. ಬುಕ್ ಮಾಡಿದ ಕಾಲ್ ಸಿಗೋಕೆ ಇಷ್ಟು ಹೊತ್ತಾಯ್ತು, ಪಾಪ, ಅವರು ಇನ್ನೂ ಊಟ ಮಾಡಿಲ್ಲ."